ಸಿಗದಿದ್ದರೆ ಇಲ್ಲವೆಂದೇ?

2020ರ ಲಾಕ್‌ಡೌನಿನಲ್ಲಿ ಕಾಲೇಜು ಮುಚ್ಚಿದಾಗ, ಗ್ರಂಥಾಲಯ ನೋಡಿಕೊಳ್ಳುವ ನಾನು ಮನೆಯಲ್ಲೇ ಕುಳಿತು ಎಂಟು ವಿಡಿಯೊ ಮಾಡಿದೆ. ಪುಸ್ತಕದ ಬೆನ್ನ ಮೇಲಿನ ಸಂಖ್ಯೆಗೆ ಏನರ್ಥ, ಕ್ಯಾಟಲಾಗಿನಲ್ಲಿ ಹುಡುಕುವುದು ಹೇಗೆ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಿಂದ ಏನುಪಯೋಗ, ಇಂಥವು. ಅವುಗಳ ಧ್ವನಿಯನ್ನಷ್ಟೇ ತೆಗೆದು ಪಾಡ್‌ಕಾಸ್ಟಿನಂತೆ ವಾಟ್ಸಾಪಿನಲ್ಲೂ ಕಳಿಸಿದೆ. ದೊಡ್ಡಬಳ್ಳಾಪುರದ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನೇಕಾರರ ಮನೆಯವರು. ಮಗ್ಗ ಓಡುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಮಗ್ಗಗಳು ಮತ್ತೆ ಶುರುವಾದ ಮೇಲೆ, ‘ಕರೆಂಟು ಹೋದಾಗ ನಿಮ್ಮ ಪಾಠ ಕೇಳ್ತೀವಿ ಸಾರ್’ ಎಂದು ಒಬ್ಬಳು ಬರೆದಿದ್ದಳು. ಓದಿ ಹಿಗ್ಗಿದ್ದೆ.

ಹಿಗ್ಗಲು ಕಾರಣವೂ ಇತ್ತು. ಗ್ರಂಥಾಲಯಕ್ಕೆ ಮೊದಲ ಸಲ ಬಂದವರಿಗೆ ಪುಸ್ತಕಕ್ಕಿಂತ ಮುಂಚೆ ಎದುರಾಗುವುದು ನಾಚಿಕೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರಿಗೆ, ‘ಇಷ್ಟೂ ಗೊತ್ತಿಲ್ಲವಾ’ ಎಂದು ಯಾರಾದರೂ ನಕ್ಕರೆ ಎಂಬ ಭಯ. ವಿಡಿಯೊ ನಗುವುದಿಲ್ಲ. ಹತ್ತು ಸಲ ಹಿಂದಕ್ಕೆ ಓಡಿಸಿದರೂ ಬೇಸರಪಡುವುದಿಲ್ಲ. ತನಗೆ ತಿಳಿಯದೆಂಬುದು ಇನ್ನೊಬ್ಬರಿಗೆ ಗೊತ್ತಾಗದಂತೆ ಕಲಿಯುವ ಅವಕಾಶ ಸಣ್ಣದಲ್ಲ.

ಕಾಲೇಜು ತೆರೆದು ಎಷ್ಟೋ ತಿಂಗಳಾದ ಮೇಲೆ ಅದೇ ಹುಡುಗಿ ಬೇರೇನೋ ಕೆಲಸಕ್ಕೆ ನನ್ನ ಮೇಜಿನ ಬಳಿ ಬಂದಳು. ಪ್ರಾಜೆಕ್ಟ್ ಯಾವುದರ ಮೇಲೆ ಬರೆದೆಯಮ್ಮ ಎಂದು ಕೇಳಿದೆ. ನೇಕಾರರ ಬದುಕಿನ ಮೇಲೆ ಬರೆಯಬೇಕೆಂದಿದ್ದಳಂತೆ. ಕ್ಯಾಟಲಾಗಿನಲ್ಲಿ ‘ಮಗ್ಗ’ ಎಂದು ಕನ್ನಡದಲ್ಲಿ ಹುಡುಕಿದಳು. ಏನೂ ಬರಲಿಲ್ಲ. ವಿಷಯ ಬದಲಾಯಿಸಿದಳು.

‘ನನ್ನನ್ನು ಒಂದು ಮಾತು ಕೇಳಬಾರದಿತ್ತೇ?’

‘ನೀವೇ ಹೇಳಿದ್ರಲ್ಲ ಸಾರ್ ವಿಡಿಯೊದಲ್ಲಿ, ಹುಡುಕಿದಾಗ ಬರಲಿಲ್ಲ ಅಂದ್ರೆ ಪುಸ್ತಕ ನಮ್ಮಲ್ಲಿಲ್ಲ ಅಂತ.’

ಹೌದು, ಹೇಳಿದ್ದೆ. ಆ ಮಾತು ತಪ್ಪು. ನಮ್ಮಲ್ಲಿ ಹಳೆಯ ಕನ್ನಡ ಪುಸ್ತಕಗಳ ಹೆಸರನ್ನು ಕಂಪ್ಯೂಟರಿಗೆ ಏರಿಸಿದ್ದು ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲಿ ಟೈಪು ಮಾಡಿದವರಿಗೆ ಅವು ಕಾಣುವುದಿಲ್ಲ. ಇನ್ನು ಮೆಲ್ವಿಲ್ ಡ್ಯೂಯಿ 1876ರಲ್ಲಿ ಆರಂಭಿಸಿದ ದಶಾಂಶ ವರ್ಗೀಕರಣ ನೇಕಾರರನ್ನು ಒಂದೇ ಕಡೆ ಕೂರಿಸುವುದಿಲ್ಲ. ಕೂಲಿ, ದುಡಿಮೆಯ ಪ್ರಶ್ನೆಯಾದರೆ 331, ಜವಳಿ ತಯಾರಿಕೆಯಾದರೆ 677, ಕೈನೇಯ್ಗೆ ಕಲೆಯಾದರೆ 746. ನೇಕಾರರ ಕತೆ ಕಾದಂಬರಿಗಳು ಕನ್ನಡ ಸಾಹಿತ್ಯದ 894.814ರಲ್ಲಿ. ಒಂದೇ ಮನೆಯ ಬದುಕು ನಾಲ್ಕು ಕಪಾಟಿನಲ್ಲಿ ಹರಡಿರುತ್ತದೆ. ಪುಸ್ತಕಗಳು ನಮ್ಮಲ್ಲಿದ್ದವು. ಅವಳು ಮಾತ್ರ, ಅಪ್ಪ ಮಾಡುವ ಕೆಲಸದ ಬಗ್ಗೆ ಯಾರೂ ಏನೂ ಬರೆದಿಲ್ಲವೆಂದು ನಂಬಿಕೊಂಡು ಹೋಗಿದ್ದಳು.

ತರಗತಿಯಲ್ಲೂ ನಾನು ತಪ್ಪು ಹೇಳಿದ್ದೇನೆ. ಅಲ್ಲಿ ಹಿಂದಿನ ಬೆಂಚಿನಲ್ಲೊಂದು ಮುಖ ಸಪ್ಪಗಾಗುತ್ತದೆ, ಇನ್ನೊಂದು ಹುಬ್ಬು ಮೇಲೇರುತ್ತದೆ. ಅದನ್ನು ಕಂಡು ಮಾತು ತಿದ್ದಿಕೊಳ್ಳುತ್ತೇನೆ. ಕ್ಯಾಮೆರಾದ ಮುಂದೆ ನನ್ನನ್ನು ತಡೆಯುವವರು ಇರಲಿಲ್ಲ. ಗೊತ್ತಿಲ್ಲದವರನ್ನು ನಾಚಿಕೆಯಿಂದ ಪಾರುಮಾಡಿದ ಆ ಪರದೆಯೇ ನನ್ನನ್ನೂ ಅವರ ಪ್ರಶ್ನೆಯಿಂದ ಪಾರುಮಾಡಿತ್ತು. ಹಾಗಾದರೆ, ಮುಖ ಕಾಣದವರಿಗೆ ಕಲಿಸುವವನ ಹೊಣೆ ಎಲ್ಲಿಯವರೆಗೆ? ಹೇಳಿ ಮುಗಿಸಿದಲ್ಲಿಗೆ ಮುಗಿಯುತ್ತದೆಯೇ, ಕೇಳಿದವರು ಅದನ್ನು ಹಿಡಿದು ಎಲ್ಲಿಗೆ ಹೋದರೆಂಬುದೂ ಅದರಲ್ಲಿ ಸೇರುತ್ತದೆಯೇ?

ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಓದುಗರ ಸಮಯ ಉಳಿಸಬೇಕೆಂಬುದೂ ಒಂದು. ನನ್ನ ವಿಡಿಯೊಗಳಿಗೆ ಅದೇ ಸಮರ್ಥನೆಯಾಗಿತ್ತು. ಆದರೆ ಪ್ರತಿ ಓದುಗರಿಗೂ ಅವರ ಪುಸ್ತಕ ಸಿಗಬೇಕೆಂಬ ಸೂತ್ರ ಅದಕ್ಕೂ ಮೊದಲು ಬರುತ್ತದೆ. ಬೆಂಗಳೂರಿನಲ್ಲಿ 1962ರಲ್ಲಿ ಡಿ.ಆರ್.ಟಿ.ಸಿ. ಕಟ್ಟಿ, ಇಲ್ಲೇ 1972ರಲ್ಲಿ ತೀರಿಕೊಂಡ ರಂಗನಾಥನ್ ವರ್ಗೀಕರಣದಲ್ಲಿ ಅಷ್ಟು ತಲೆ ಕೆಡಿಸಿಕೊಂಡವರು. ಆದರೂ ಓದುಗರ ಬಳಿ ಹೋಗಿ ಮಾತಾಡಿಸುವ ಗ್ರಂಥಪಾಲಕರ ಕೆಲಸವನ್ನು ಅವರು ಬಿಟ್ಟುಕೊಡಲಿಲ್ಲ. ಈಗ ಅದರ ಕಾರಣ ತಿಳಿಯುತ್ತಿದೆ. ‘ಮಗ್ಗ’ ಎಂದು ಕೇಳಿದವಳಿಗೆ ಬೇಕಿದ್ದದ್ದು ಕೂಲಿಯ ಲೆಕ್ಕವೋ, ಸೀರೆಯ ಅಂಚೋ, ಅಪ್ಪನ ಬೆನ್ನುನೋವೋ ಎಂದು ತಿಳಿಯಲು ‘ಯಾವುದರ ಬಗ್ಗೆಯಮ್ಮ?’ ಎಂದು ತಿರುಗಿ ಕೇಳಬೇಕು. ನನ್ನ ವಿಡಿಯೊ ಉತ್ತರವನ್ನಷ್ಟೇ ಹೇಳಿತ್ತು.

ಹಾಗೆಂದು ವಿಡಿಯೊ ಬೇಡವೆನ್ನಲಾರೆ. ನಮ್ಮ ತಾಲ್ಲೂಕುಗಳ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅಲ್ಲಿಗೆ ಬರುವ ಮಗುವಿಗೆ ಇಂಥದೊಂದು ಪಾಠ ಮೊಬೈಲಿನಲ್ಲೇ ಸಿಕ್ಕರೆ ಒಳ್ಳೆಯದೇ. ಆದರೆ ಅದು ಅವರನ್ನು ಒಬ್ಬ ಮನುಷ್ಯನ ಮೇಜಿನವರೆಗೆ ತಂದು ಬಿಡಬೇಕು. ಕೇಳದೆ ಕಲಿಯುವ ಧೈರ್ಯ ಕೊಟ್ಟವರು ಕೇಳುವ ಧೈರ್ಯವನ್ನೂ ಕೊಡದಿದ್ದರೆ ಅರ್ಧ ಉಪಕಾರವಷ್ಟೇ.

ಆ ವಿಡಿಯೊ ಅಳಿಸಿ ಹೊಸದು ಮಾಡಿದೆ. ಅದರ ಕೊನೆಯ ಮಾತು: ‘ಸಿಗಲಿಲ್ಲವೆಂದರೆ ಇಲ್ಲ ಎಂದುಕೊಳ್ಳಬೇಡಿ, ಬಂದು ಕೇಳಿ.’ ನಾಲ್ಕೂ ಕಪಾಟಿನ ಪುಸ್ತಕಗಳನ್ನು ತೆಗೆದು ಅವಳ ಮುಂದಿಟ್ಟೆ. ಹಳೆಯ ಆಡಿಯೊ ಯಾರಿಗಾದರೂ ಕಳಿಸಿದ್ದರೆ ತಪ್ಪೆಂದು ತಿಳಿಸಿಬಿಡಮ್ಮ ಎಂದೆ.

‘ಹೇಳ್ತೀನಿ ಸಾರ್. ಆದ್ರೆ ಯಾರ್ಯಾರಿಗೆ ಕಳಿಸಿದ್ದೆ ಅಂತ ನೆನಪಿಲ್ಲ,’ ಎಂದಳು.