ನೀರು ಯಾರ ಬದುವಿಗೆ ನಿಂತಿತು?
ವಾಕ್ಯ ಭಾಗ: ಲೂಕ 13:1-5

ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆಯಿಂದ ಬಂದೀರಿ, ಬಸ್ಸು ಸಿಗದೆ ಟಂಟಂ ಹತ್ತಿ ಬಂದವರೂ ಇದ್ದೀರಿ. ಇವತ್ತು ನಾನು ಪ್ರಸಂಗ ಮಾಡೋದಕ್ಕಿಂತ ಹೆಚ್ಚಾಗಿ ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳಬೇಕಾಗಿದೆ. ಸ್ವಲ್ಪ ತಾಳ್ಮೆಯಿಂದ ಕೇಳ್ರಿ.

2020ನೇ ಇಸವಿ ನಿಮಗೆ ನೆನಪಿದೆ. ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಮುಂಬೈ, ಪುಣೆಗೆ ಗುಳೆ ಹೋಗಿದ್ದ ನಮ್ಮ ಮಂದಿ ಮೇ ತಿಂಗಳಲ್ಲಿ ತಿರುಗಿ ಬಂದರು. ಸಾಲಿ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಮಾಡಿದರು. ಕೈಯಾಗ ಕೆಲಸ ಇಲ್ಲ, ಇದ್ದ ಹೊಲವನ್ನೇ ನಂಬಿ ಸಾಲ ತೆಗೆದು ಬಿತ್ತಿದರು. ಅಕ್ಟೋಬರ್‌ನಲ್ಲಿ ಹತ್ತಿ ಒಡೆಯುವ ಹೊತ್ತಿಗೆ ಭೀಮೆ ಬಂತು. ಸೊಲ್ಲಾಪುರದ ಕಡೆ ಸುರಿದ ಮಳೆ, ಉಜನಿ ಡ್ಯಾಮಿನ ನೀರು, ಎಲ್ಲಾ ಕೂಡಿ ನಮ್ಮ ಹೊಲಕ್ಕೆ ಬಂತು. ಅದರ ಹಿಂದಿನ ವರ್ಷ, 2019ರ ಆಗಸ್ಟ್‌ನಲ್ಲಿ, ಕೃಷ್ಣೆಯ ಸರದಿಯಾಗಿತ್ತು. ಎರಡು ಹೊಳಿ ನಡುವೆ ಬದುಕುವವರು ನಾವು. ಬ್ಯಾಸಗಿಯಲ್ಲಿ ಕುಡಿಯೋ ನೀರಿಗೆ ಕೊಡ ಹಿಡಿದು ನಿಲ್ಲುತ್ತೇವೆ, ಯಾರದೋ ಊರಲ್ಲಿ ಬಿದ್ದ ಮಳೆಗೆ ಬೆಳೆ ಕಳಕೊಳ್ಳುತ್ತೇವೆ. ಅನಿರೀಕ್ಷಿತ ಕಷ್ಟ ಅಂದರೆ ಏನಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನೀರು ಇಳಿದ ಮೇಲಿನ ಭಾನುವಾರ ಹೊಳಿ ದಂಡೆಯ ಒಂದು ಊರಲ್ಲಿ ಆರಾಧನೆ ಇತ್ತು. ಸಾಕ್ಷಿಯ ಸಮಯದಲ್ಲಿ ಒಬ್ಬ ಸಹೋದರ ಎದ್ದು ನಿಂತ. "ನಾನು, ನನ್ನ ಮನಿಯಾಕಿ ರಾತ್ರಿಯೆಲ್ಲಾ ಮೊಣಕಾಲೂರಿ ಪ್ರಾರ್ಥನಿ ಮಾಡಿದ್ವಿ. ನೀರು ನಮ್ಮ ಹೊಲದ ಬದುವಿಗೆ ಬಂದು ನಿಂತುಬಿಡ್ತು. ದೇವರು ದೊಡ್ಡವನು" ಅಂದ. ಎಲ್ಲರೂ ಹಲ್ಲೆಲೂಯಾ ಅಂದರು. ಎಲ್ಲರಿಗಿಂತ ಗಟ್ಟಿಯಾಗಿ ನಾನೇ ಅಂದೆ.

ಹೆಣ್ಣುಮಕ್ಕಳ ಕಡೆ ಕೊನೆಯ ಸಾಲಿನಲ್ಲಿ ಒಬ್ಬ ತಂಗಿ ಕೂತಿದ್ದಳು. ಆಕೆಯ ಹೊಲ ಅದೇ ಬದುವಿನ ಆಚೆ ಕಡೆ. ನಾಲ್ಕು ಎಕರೆ ಹತ್ತಿ. ನೀರು ಆ ಸಹೋದರನ ಬದುವಿಗೆ ನಿಂತಿದ್ದು ಈಕೆಯ ಹೊಲದ ಮೇಲೆ ಹಾಯ್ದ ನಂತರ. (ಆಕೆಯನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ.) ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೇಳಿದಳು: "ಪಾಸ್ಟರ್ರೀ, ನಾವೂ ಅವತ್ತು ರಾತ್ರಿ ಪ್ರಾರ್ಥನಿ ಮಾಡಿದ್ವಿ. ಅಣ್ಣನ ಪ್ರಾರ್ಥನಿ ಕೇಳಿದ ದೇವರು ನಮ್ದು ಯಾಕ ಕೇಳಲಿಲ್ಲ?"

ನಾನು ಏನು ಹೇಳಿದೆ ಗೊತ್ತೇನು? ಮುಂದಿನ ಊರಿಗೆ ಹೋಗುವ ಅವಸರ ಬೇರೆ ಇತ್ತು. "ತಂಗೀ, ಮನೆಯಲ್ಲಿ ಏನಾದರೂ ಪಾಪ ಇದೆಯಾ, ಪರೀಕ್ಷೆ ಮಾಡಿಕೊಳ್ಳಿರಿ" ಅಂದೆ. ಗಾಡಿ ಹತ್ತಿ ಹೊರಟೆ.

ಮೂರು ಭಾನುವಾರ ಆಕೆ ಬರಲಿಲ್ಲ. ನಾಲ್ಕನೇ ವಾರ ನಾನೇ ಅವರ ಮನೆಗೆ ಹೋದೆ. ಅಂಗಳದಲ್ಲಿ ಹೊರಸಿನ ಮೇಲೆ ಕಪ್ಪಾದ ಹತ್ತಿ ಹರವಿದ್ದಳು. ಗಂಡ ಮುಂಬೈಯಿಂದ ಬಂದಾಗಿನಿಂದ ಮಾತು ಕಡಿಮೆ ಮಾಡಿದ್ದಾನೆ, ಕಟ್ಟೆಗೆ ಕೂತಿದ್ದ. ಆಕೆ ನೀರು ಕೊಟ್ಟು ಹೇಳಿದಳು: "ನೀವು ಹೇಳಿದಂಗ ಪಾಪ ಹುಡುಕಿದೆ, ಪಾಸ್ಟರ್ರೀ. ಇದ್ದುವು. ನೆಗೆಣ್ಣಿ ಜೋಡಿ ಮಾತು ಬಿಟ್ಟಿದ್ದೆ. ಆದ್ರ ನಾಕು ಎಕರೆ ಹತ್ತಿ ಹೋಗುವಷ್ಟು ದೊಡ್ಡ ಪಾಪ ನನಗ ಸಿಗಲಿಲ್ಲ."

ದೇವಜನರೇ, ಬೈಬಲ್ ಕಾಲೇಜಿನಲ್ಲಿ ನನಗೆ ಇದಕ್ಕೆ ಉತ್ತರ ಹೇಳಿಕೊಟ್ಟಿಲ್ಲ. ತಲೆ ತಗ್ಗಿಸಿ ಕೂತೆ.

ಲೂಕ 13 ತೆಗೆಯಿರಿ. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಯೆರೂಸಲೇಮಿನ ಬೇರೆಯವರಿಗಿಂತ ಅವರು ಹೆಚ್ಚು ಪಾಪ ಮಾಡಿದವರೇನು ಎಂದು ಯೇಸು ತಾನೇ ಕೇಳಿ, ತಾನೇ ಅಲ್ಲ ಅನ್ನುತ್ತಾನೆ. ಅಲ್ಲ ಅಂದಮೇಲೆ ಅಲ್ಲ. ಅದನ್ನು ಹೌದು ಮಾಡಲಿಕ್ಕೆ ಈ ಪಾಸ್ಟರ್ ಯಾರು? ಅದೇ ಉಸಿರಿನಲ್ಲಿ ಯೇಸು ಮಾನಸಾಂತರದ ಮಾತನ್ನೂ ಆಡುತ್ತಾನೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ಮಾತು ಯಾರಿಗೆ, ನೋಡ್ರಿ. ಬುರುಜಿನ ಕೆಳಗೆ ಸಿಕ್ಕವರಿಗಲ್ಲ, ದೂರ ನಿಂತು ಸುದ್ದಿ ಕೇಳುತ್ತಿದ್ದವರಿಗೆ. ಅಂದರೆ ಅವತ್ತು ಪಾಪ ಪರೀಕ್ಷೆ ಮಾಡಿಕೊಳ್ಳಬೇಕಾಗಿದ್ದವನು ಗಾಡಿ ಹತ್ತಿದ ನಾನು.

ಇನ್ನೊಂದು ಮಾತು. ಬಂಡೆಯ ಮೇಲೆ ಕಟ್ಟಿದ ಮನೆ, ಉಸುಬಿನ ಮೇಲೆ ಕಟ್ಟಿದ ಮನೆ, ಮತ್ತಾಯ 7ರಲ್ಲಿರೋದು, ಸಂಡೇ ಸ್ಕೂಲ್ ಮಕ್ಕಳಿಗೂ ಬರುತ್ತದೆ. ಎರಡೂ ಮನೆಗೆ ಮಳೆ ಬಂತು, ಎರಡಕ್ಕೂ ಪ್ರವಾಹ ಹೊಡೆಯಿತು. ಯೇಸುವಿನ ಮಾತು ಕೇಳಿ ನಡೆದವನ ಮನೆಗೆ ನೀರು ಬರೋದಿಲ್ಲ ಅಂತ ಅಲ್ಲಿ ಬರೆದಿಲ್ಲ. ನಾವು ಸೇರಿಸಿಕೊಂಡಿದ್ದೇವೆ. ದಶಮಾಂಶ ಕೊಟ್ಟರೆ, ಉಪವಾಸ ಮಾಡಿದರೆ ಹೊಲ ಉಳಿಯುತ್ತದೆ ಅಂತ ಲೆಕ್ಕ ಹಾಕಿದ್ದೇವೆ. ದಶಮಾಂಶ ಬೆಳೆ ವಿಮೆಯ ಕಂತಲ್ಲ. (ಬೆಳೆ ವಿಮೆಯ ಕಂತನ್ನೂ ಕಟ್ಟಿರಿ, ಅದು ಬೇರೆ. ಅದು ಅವಿಶ್ವಾಸ ಅನ್ನುವವರ ಮಾತು ಕೇಳಬೇಡಿ.) ಯೋಬನ ಪುಸ್ತಕದ ಮೊದಲನೇ ಅಧ್ಯಾಯದಲ್ಲಿ ಸೈತಾನ ದೇವರ ಮುಂದೆ ಇಡುವ ಪ್ರಶ್ನೆಯೇ ಇದು: ಈ ಮನುಷ್ಯ ಲಾಭವಿಲ್ಲದೆ ನಿನಗೆ ಭಯಪಡುತ್ತಾನೇನು? ಬೇಲಿ ತೆಗೆದು ನೋಡು ಅನ್ನುತ್ತಾನೆ. ನಾವು ಬೇಲಿಗಾಗಿಯೇ ಆರಾಧನೆ ಮಾಡಿದರೆ ಸೈತಾನ ಹೇಳಿದ್ದು ಸರಿ ಅಂತ ನಾವೇ ಸಹಿ ಹಾಕಿದಂತೆ.

ಹಾಗಾದರೆ ಆ ಸಹೋದರ ಸಾಕ್ಷಿ ಹೇಳಬಾರದಿತ್ತೇ? ಇದನ್ನು ನಾನು ಬಹಳ ದಿನ ಯೋಚನೆ ಮಾಡಿದ್ದೇನೆ. ಹೇಳಬೇಕಿತ್ತು. ಬೆಳೆ ಉಳಿದವನು ಸ್ತೋತ್ರ ಮಾಡದಿದ್ದರೆ ಅದೂ ಕೃತಘ್ನತೆಯೇ. ಆದರೆ ನಮ್ಮ ಬದುವಿನ ಆಚೆ ಯಾರ ಹೊಲ ಇದೆ ಅಂತ ನೋಡದೆ ಮಾಡಿದ ಸ್ತೋತ್ರ, ಪಕ್ಕದಲ್ಲಿ ಕೂತವಳಿಗೆ ತೀರ್ಪಿನ ಹಾಗೆ ಕೇಳಿಸುತ್ತದೆ. ನಾನು ಆತನಿಗೆ ಇಷ್ಟನ್ನೇ ಹೇಳಿದೆ. ಆತ ಸಿಟ್ಟಾದ. ಎರಡು ವಾರ ನನ್ನ ಜೋಡಿ ಮಾತಾಡಲಿಲ್ಲ. ಆಮೇಲೆ ಒಂದು ದಿನ ಹೂಳು ತುಂಬಿದ ಆಕೆಯ ಹೊಲಕ್ಕೆ ತನ್ನ ಟ್ರ್ಯಾಕ್ಟರ್ ಹೊಡಕೊಂಡು ಹೋದ. ಹಿಂಗಾರಿ ಜೋಳದ ಬೀಜವನ್ನೂ ಕೊಟ್ಟ. ಡೀಸೆಲ್ ದುಡ್ಡು ತಗೊಂಡ ಅಂತ ಕೆಲವರು ಆಡಿಕೊಂಡರು. ತಗೊಂಡಿದ್ದರೆ ತಗೊಳ್ಳಲಿ ಬಿಡ್ರಿ, ಹೊಲ ಹಸನಾಯಿತು.

ಅವತ್ತು ಅಂಗಳದಲ್ಲಿ ನಾನು ಆಕೆಯ ಕ್ಷಮೆ ಕೇಳಿದೆ. ಸಭೆಗೆ ಬನ್ನಿರಿ, ದೇವರನ್ನು ಬಿಡಬೇಡಿರಿ ಅಂದೆ. ಆಕೆ ನಕ್ಕಳು. "ದೇವರನ್ನ ಎಲ್ಲಿ ಬಿಟ್ಟೀನಿ? ನಿಮ್ಮ ಸಭಿ ಬಿಟ್ಟೀನಿ ಅಷ್ಟ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ ಅವನ ಮುಂದನ ಅಳ್ತೀನಿ, ಅವನಿಗೇ ಬೈತೀನಿ. ಬ್ಯಾರೆ ಯಾರು ಅದಾರ ನನಗ?" ಅಂದಳು.

ಬೈಯೋದು ಎಂಥಾ ವಿಶ್ವಾಸ ಅಂತ ನಿಮಗನ್ನಿಸಬಹುದು. ಯೋಬನೂ ಕಡಿಮೆ ಮಾತಾಡಲಿಲ್ಲ. ಆದರೆ ಕೊನೆಯ ಅಧ್ಯಾಯದಲ್ಲಿ ದೇವರು ಕೋಪಿಸಿಕೊಂಡಿದ್ದು ಯೋಬನ ಮೇಲಲ್ಲ, ಎಲ್ಲದಕ್ಕೂ ಉತ್ತರ ಇಟ್ಟುಕೊಂಡು ಬಂದಿದ್ದ ಅವನ ಗೆಳೆಯರ ಮೇಲೆ. ಆ ಗೆಳೆಯರು ಮೊದಲು ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ಅಲ್ಲಿಯ ತನಕ ಅವರು ಒಳ್ಳೆಯ ಗೆಳೆಯರೇ ಆಗಿದ್ದರು. ನನಗೆ ಏಳು ನಿಮಿಷವೂ ಆಗಿರಲಿಲ್ಲ.

ಜೋಳ ರಾಶಿಯಾದ ಮೇಲೆ ಆಕೆ ತಿರುಗಿ ಸಭೆಗೆ ಬಂದಳು. ಗಂಡ ಈಗ ಮತ್ತೆ ಮುಂಬೈಯಲ್ಲಿದ್ದಾನೆ, ಸಾಲ ಇನ್ನೂ ತೀರಿಲ್ಲ. ಆಕೆ ಅವತ್ತು ಕೇಳಿದ ಪ್ರಶ್ನೆಗೆ ನಾನು ಇವತ್ತಿಗೂ ಉತ್ತರ ಕೊಟ್ಟಿಲ್ಲ, ಆಕೆಯೂ ಮತ್ತೆ ಕೇಳಿಲ್ಲ. ಬನ್ನಿರಿ, ಎದ್ದು ನಿಲ್ಲೋಣ. ಈ ವರ್ಷ ಬೆಳೆ ಬಂದವರು, ಬಾರದವರು, ಒಬ್ಬರ ಪಕ್ಕ ಒಬ್ಬರು ನಿಲ್ಲಿರಿ. ಗುಳೆ ಹೋದವರ ಹೆಸರುಗಳನ್ನು ಒಂದೊಂದಾಗಿ ಹೇಳಿರಿ, ಪ್ರಾರ್ಥನೆ ಮಾಡೋಣ.