ಒರಗುವ ಜಾಗ

ಮನೆಯಲ್ಲಿ ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರ, ಇಟ್ಟುಕೊಂಡವರಿಗೆ ಬೆಳಗಿನ ಹೊತ್ತು ಕಡ್ಡಾಯ ಮೌನ. ನಿಮಿಷಕ್ಕೆ ಹದಿನೆಂಟು ಸಾವಿರ ಸುತ್ತು ತಿರುಗುವ ಸ್ಪಿಂಡಲನ್ನು ಆರು ಗಂಟೆಗೇ ಚಾಲೂ ಮಾಡಿದರೆ ಬೀದಿಗೆ ಬೀದಿಯೇ ಎದ್ದು ಕೂರುತ್ತದೆ. ಹಾಗಾಗಿ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಹಿಂದಿನ ದಿನ ಕೊರೆದಿಟ್ಟ ಪ್ಲೈವುಡ್ಡಿನ ತುಂಡು. ಬಾಗಿಸುವುದು, ಬಿಡುವುದು. ಮತ್ತೆ ಬಾಗಿಸುವುದು. ಇದನ್ನು ಕೆಲಸ ಎಂದು ಯಾರೂ ಒಪ್ಪಲಿಕ್ಕಿಲ್ಲ. ಆದರೂ ಈ ಪ್ಲೈವುಡ್ಡಿನಲ್ಲಿ ನಾನು ಮಾಡುವ, ಬೆನ್ನು ಬಾಗುವ ಕುರ್ಚಿಯ ಬಗ್ಗೆ ನನಗೆ ತಿಳಿದದ್ದರಲ್ಲಿ ಹೆಚ್ಚಿನದು ಯಂತ್ರ ಸುಮ್ಮನಿದ್ದಾಗಲೇ ತಿಳಿದದ್ದು.

ಪ್ಲೈವುಡ್ ಹುಟ್ಟಿದ್ದೇ ಮರದ ಚಂಚಲ ಬುದ್ಧಿಯನ್ನು ಕಟ್ಟಿಹಾಕುವುದಕ್ಕೆ. ಹಲಗೆಗೆ ನಾರಿನ ಉದ್ದಕ್ಕೆ ಬಲ ಹೆಚ್ಚು, ಅಡ್ಡಕ್ಕೆ ಕಡಿಮೆ. ಮಳೆಗಾಲದಲ್ಲಿ ಅಗಲಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಆದ್ದರಿಂದ ದಿಮ್ಮಿಯನ್ನು ತಿರುಗಿಸುತ್ತ ತೆಳ್ಳಗೆ ಸುಲಿದು, ಒಂದು ಪದರದ ನಾರು ಉದ್ದಕ್ಕಿದ್ದರೆ ಮುಂದಿನದನ್ನು ಅಡ್ಡಕ್ಕಿಟ್ಟು, ಅದರ ಮೇಲಿನದನ್ನು ಮತ್ತೆ ಉದ್ದಕ್ಕಿಟ್ಟು, ಅಂಟು ಹಾಕಿ ಒತ್ತುತ್ತಾರೆ. ಪದರಗಳ ಲೆಕ್ಕ ಸಾಮಾನ್ಯವಾಗಿ ಬೆಸ. ಪ್ರತಿ ಪದರವೂ ಪಕ್ಕದ ಪದರದ ಆಟವನ್ನು ತಡೆದು ಹಿಡಿಯುತ್ತದೆ. ಇಷ್ಟೆಲ್ಲ ಕಟ್ಟುನಿಟ್ಟು ಮಾಡಿ ಗಟ್ಟಿಯಾಗಿಸಿದ ಹಾಳೆಯನ್ನು ತಂದು, ಬಾಗು ಎಂದು ಕೇಳುವುದು ಅಧಿಕಪ್ರಸಂಗವೇ.

ಆ ಅಧಿಕಪ್ರಸಂಗವನ್ನು ದೊಡ್ಡವರೂ ಮಾಡಿದ್ದಾರೆ. ಫಿನ್ಲೆಂಡಿನ ಪೈಮಿಯೋದಲ್ಲಿ ಕ್ಷಯರೋಗಿಗಳಿಗಾಗಿ ಕಟ್ಟಿದ ಆಸ್ಪತ್ರೆಗೆಂದು ಆಲ್ವಾರ್ ಆಲ್ಟೊ 1930ರ ದಶಕದ ಮೊದಲಲ್ಲಿ ಬರ್ಚ್ ಪ್ಲೈವುಡ್ಡನ್ನು ಬಳ್ಳಿಯ ಹಾಗೆ ಬಾಗಿಸಿ ಕುರ್ಚಿ ಮಾಡಿದ. ರೋಗಿ ಸಲೀಸಾಗಿ ಉಸಿರಾಡಲಿ ಎಂದು ಬೆನ್ನಿನ ಓರೆಯನ್ನು ಗೊತ್ತುಮಾಡಿದ. ನನಗೆ ಇನ್ನೂ ಹತ್ತಿರವಾಗುವುದು ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ ಕಥೆ. ಪ್ಲೈವುಡ್ ಒಂದು ದಿಕ್ಕಿಗೆ ಬಾಗುವುದಕ್ಕೆ ಒಪ್ಪಿದರೂ, ಒಟ್ಟಿಗೇ ಎರಡು ದಿಕ್ಕಿಗೆ ಬಾಗಿಸಿದರೆ ಸಿಡಿಯುತ್ತದೆ. 1942ರಲ್ಲಿ ಅವರು ಅಮೆರಿಕದ ನೌಕಾಪಡೆಗಾಗಿ, ಗಾಯಗೊಂಡವರ ಕಾಲಿಗೆ ಕಟ್ಟುವ ಆಸರೆಯನ್ನು ಪ್ಲೈವುಡ್ಡಿನಲ್ಲಿ ಮಾಡಿದರು. ಮನುಷ್ಯನ ಕಾಲು ನೇರಗೆರೆಯಲ್ಲ, ಎಲ್ಲ ಕಡೆಗೂ ಬಳುಕುತ್ತದೆ. ಬಿಗಿತ ಎಲ್ಲಿ ಸೇರುತ್ತದೋ ಅಲ್ಲಿ ಅವರು ಕಿಂಡಿಗಳನ್ನೂ ಸೀಳುಗಳನ್ನೂ ಬಿಟ್ಟರು. ಬ್ಯಾಂಡೇಜಿನ ಬಟ್ಟೆಯನ್ನು ತೂರಿಸಿ ಕಟ್ಟುವುದಕ್ಕೂ ಅವೇ ಕಿಂಡಿಗಳು ಒದಗಿದವು. ಇದೇ ದಂಪತಿ 1958ರಲ್ಲಿ ನಮ್ಮ ದೇಶಕ್ಕೆ ಬಂದು, ಊರೂರು ಸುತ್ತಿ, ಎಲ್ಲ ಬಿಟ್ಟು ನಮ್ಮ ಲೋಟ-ಚೆಂಬುಗಳ ಜಾತಿಯ ‘ಲೋಟಾ’ವನ್ನು ಮೆಚ್ಚಿ ಬರೆದರು. ಅವರ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಈಮ್ಸ್ ದಂಪತಿಯ ಬಳಿ ಬಿಸಿಯೂ ಒತ್ತಡವೂ ಕೊಡುವ ಅಚ್ಚುಗಳಿದ್ದವು. ಮನೆಯ ಕೋಣೆಯಲ್ಲಿ ಅವೆಲ್ಲಿ ಬರಬೇಕು? ಇರುವುದು ಒಂದು ಮೇಜು, ಅದರ ಮೇಲೆ ಮೂರು ದಿಕ್ಕಿಗೆ ಓಡಾಡುವ ಸ್ಪಿಂಡಲ್, ಅದರ ಬಾಯಲ್ಲಿ 3 ಮಿಲಿಮೀಟರ್ ದಪ್ಪದ ಬಿಟ್. ಆದ್ದರಿಂದ ಸೀಳಿನ ದಾರಿಯೊಂದೇ ಉಳಿಯುವುದು. 12 ಮಿಲಿಮೀಟರ್ ಹಾಳೆಯಲ್ಲಿ ಗೇಣಿಗಿಂತ ಗಿಡ್ಡ, ಸುಮಾರು 100 ಮಿಲಿಮೀಟರಿನ ಸೀಳುಗಳು ಸಾಲಾಗಿ. ಒಂದು ಸಾಲಿನ ಸೀಳು ಮುಗಿಯುವಲ್ಲಿಗೆ ಪಕ್ಕದ ಸಾಲಿನ ಸೀಳಿನ ನಡುಭಾಗ ಬರಬೇಕು. ಎರಡು ಸಾಲಿನ ನಡುವೆ 6 ಮಿಲಿಮೀಟರ್ ಮರದ ಪಟ್ಟಿ. ಸೀಳುಗಳು ಮೇಲ್ಪದರದ ನಾರಿನ ಉದ್ದಕ್ಕೇ ಸಾಗಬೇಕು. ಅಡ್ಡಕ್ಕೆ ಕೊರೆದರೆ ಪಟ್ಟಿಗಳು ಬಲು ಬೇಗ ಮುರಿಯುತ್ತವೆ.

ಬಿಟ್ ಒಂದೇ ಏಟಿಗೆ ಅಡಿ ಮುಟ್ಟುವುದಿಲ್ಲ. ಪ್ರತಿ ಸುತ್ತಿಗೂ 3 ಮಿಲಿಮೀಟರಿನಂತೆ ನಾಲ್ಕು ಸುತ್ತು ಇಳಿಯುತ್ತದೆ. ಮೊದಲ ಸುತ್ತಿನಲ್ಲಿ ಏಳುವ ಪುಡಿ ಕೆಂಪು, ಮೇಲ್ಪದರದ ಮರದ ಬಣ್ಣ ಅದು. ಒಳಗಿಳಿದಂತೆ ಪುಡಿ ಬಿಳಿಚಿಕೊಳ್ಳುತ್ತದೆ. ನಡುನಡುವೆ ಅಂಟಿನ ಗೆರೆ ಸಿಕ್ಕಾಗ ಸದ್ದು ಒಂದಿಷ್ಟು ಗಡುಸಾಗುತ್ತದೆ. ಒಂದು ಬೆನ್ನಿಗೆ ಬೇಕಾದ ಸೀಳುಗಳಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಅಷ್ಟೂ ಹೊತ್ತು ಕಿವಿ ಅಲ್ಲೇ. ಪುಡಿ ಎಳೆಯುವ ವ್ಯಾಕ್ಯೂಮಿನ ಗದ್ದಲದ ನಡುವೆಯೂ ಆ ವ್ಯತ್ಯಾಸ ಕೇಳುತ್ತದೆ ಎಂದರೆ ಮನೆಯವರು ನಂಬುವುದಿಲ್ಲ.

ಕೊರೆದ ಹಾಳೆಯನ್ನು ನೋಡಿದ ನಮ್ಮ ಬಡಗಿ ಆಚಾರ್ರು ಮುಖ ಸಿಂಡರಿಸಿದರು. “ಏನ್ ಸ್ವಾಮಿ, ಒಳ್ಳೇ ಪ್ಲೈಗೆ ಗೆದ್ದಲು ಹತ್ತಿಸಿದ್ದೀರಲ್ಲ!” ಎಂದರು. ಆಮೇಲೆ ಎರಡು ಅಂಚು ಹಿಡಿದು ಮೆಲ್ಲಗೆ ಬಾಗಿಸಿದರು. ಬಾಗಿತು. ಇನ್ನೂ ಬಾಗಿಸಿದರು. ಬಿಟ್ಟರೆ ತಟ್ಟನೆ ನೆಟ್ಟಗಾಯಿತು. ಕನ್ನಡಕ ಏರಿಸಿ ಸೀಳಿನೊಳಗೆ ನೋಡಿ, “ಬಗ್ತಾ ಇರೋದು ಯಾವುದು ಇದರಲ್ಲಿ?” ಎಂದು ಕೇಳಿದರು. ಸರಿಯಾದ ಪ್ರಶ್ನೆ. ಅಲ್ಲಿ ಬಾಗುತ್ತಿರುವ ಪಟ್ಟಿ ಒಂದೂ ಇಲ್ಲ ಎಂದೇ ಹೇಳಬೇಕು. ಪ್ರತಿ ಪಟ್ಟಿಯೂ ತನ್ನ ಉದ್ದದಲ್ಲಿ ಚೂರೇ ಚೂರು ತಿರುಚಿಕೊಳ್ಳುತ್ತದೆ. ಮೂವತ್ತು ಸಾಲಿದ್ದು ಒಟ್ಟು ಬಾಗು 90 ಡಿಗ್ರಿಯಾದರೆ ಒಂದು ಸಾಲಿನ ಪಾಲಿಗೆ ಬರುವುದು 3 ಡಿಗ್ರಿ. ಕಣ್ಣಿಗೂ ಕಾಣದಷ್ಟು. ಸಾಲುಗಳನ್ನು ಹತ್ತಕ್ಕಿಳಿಸಿ, ಪಾಲು 9 ಡಿಗ್ರಿಗೇರಲಿ, ಪಟ್ಟಿಗಳು ಟಕಟಕನೆ ಹೋಗುತ್ತವೆ. ಮರ ಅದೇ, ಬಾಗೂ ಅದೇ.

ಈ ಲೆಕ್ಕ ಹಾಕುವಾಗ ಮನಸ್ಸು ಪ್ಲೈವುಡ್ಡಿನಲ್ಲೇ ನಿಲ್ಲುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರೊಬ್ಬರಿದ್ದರೆ ತೊಂಬತ್ತು ಡಿಗ್ರಿಯನ್ನೂ ಒಬ್ಬರ ಪಾಲಿಗೇ ಬಿಟ್ಟು, ‘ಅವಳಿಗೆ ತಾಳ್ಮೆ ಜಾಸ್ತಿ’ ಎಂದು ಹೊಗಳಿ ಮುಗಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅಜ್ಜಿ ಮಲಗಿದ್ದ ವರ್ಷಗಳಲ್ಲಿ ನಮ್ಮನೆಯ ಲೆಕ್ಕವೂ ಹಾಗೇ ಇತ್ತು. ಹೊಗಳಿಕೆಗೇನೂ ಕೊರತೆಯಿರಲಿಲ್ಲ.

ಇನ್ನೊಂದು ಸಂಗತಿ ಸೀಳಿನ ಕೊನೆಯದು. ಬಿರುಕು ಯಾವಾಗಲೂ ಚೂಪು ಮೂಲೆಯನ್ನು ಹುಡುಕುತ್ತದೆ, ಎಳೆತವೆಲ್ಲ ಅಲ್ಲಿಗೇ ಬಂದು ಸೇರುತ್ತದೆ. ಲೋಹದ ತಗಡಿನಲ್ಲಿ ಬಿರುಕು ಕಂಡರೆ ಅದರ ತುದಿಯಲ್ಲೊಂದು ದುಂಡು ತೂತು ಕೊರೆದು ಬಿರುಕನ್ನು ತಡೆಯುವುದು ಮೆಕ್ಯಾನಿಕ್ಕುಗಳ ಹಳೆಯ ಉಪಾಯ. ತಿರುಗುವ ಬಿಟ್ಟಿಗೆ ಒಳಮೂಲೆಯನ್ನು ಚೂಪಾಗಿ ಕೊರೆಯಲು ಬರುವುದೇ ಇಲ್ಲ, ಎಲ್ಲಿ ನಿಂತರೂ ದುಂಡಗೇ ನಿಲ್ಲುತ್ತದೆ. ಬೇರೆ ಕೆಲಸಗಳಲ್ಲಿ ಇದೊಂದು ತಲೆನೋವು. ಎರಡು ಹಲಗೆ ಕೂಡಿಸುವಾಗ ಉಳಿ ಹಿಡಿದು ಮೂಲೆಗಳನ್ನು ಚೌಕ ಮಾಡಬೇಕಾಗುತ್ತದೆ. ಇಲ್ಲಿ ಮಾತ್ರ ಆ ಅಸಾಮರ್ಥ್ಯವೇ ಕುರ್ಚಿಯನ್ನು ಕಾಯುತ್ತದೆ.

ಹಾಳೆಯ ಆಯ್ಕೆ ಬೇರೆಯೇ ಪಾಠ. ಅಂಗಡಿಯಲ್ಲಿ ಎಲ್ಲರೂ ಕೇಳುವುದು ವಾಟರ್‌ಪ್ರೂಫಾ ಎಂದು. ಭಾರತೀಯ ಮಾನಕದ ಪ್ರಕಾರ ಉತ್ತಮ ದರ್ಜೆಯ ಮರೈನ್ ಪ್ಲೈವುಡ್ಡಿನ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿ, ಪದರಗಳು ಬಿಡುತ್ತವೆಯೇ ಎಂದು ನೋಡುತ್ತಾರೆ. ಅದು ಅಂಟಿನ ಪರೀಕ್ಷೆ. ನನಗೆ ಬೇಕಾದ್ದು ಒಳಪದರದ ಸಂದುಗಳ ಸುದ್ದಿ. ಒಳಗಿನ ಹಾಳೆಗಳು ಒಂದಕ್ಕೊಂದು ಕೂಡದೆ ಬಿಟ್ಟ ಬೆರಳಗಲದ ಪೊಳ್ಳು, ಬಾಗಿಲಿಗೋ ಕಪಾಟಿಗೋ ಹಾಕಿದರೆ ಇಪ್ಪತ್ತು ವರ್ಷವಾದರೂ ಗೊತ್ತಾಗುವುದಿಲ್ಲ. 6 ಮಿಲಿಮೀಟರಿನ ಪಟ್ಟಿಯಾಗಿ ಸೀಳಿದ ಕೂಡಲೇ ಕಿಟಕಿ ತೆರೆದಂತೆ ಕಾಣುತ್ತದೆ. ಆ ಪಟ್ಟಿ ತಿರುಚುವಿಕೆಗೆ ತಡೆಯುವುದಿಲ್ಲ, ಅದರ ಪಾಲು ಪಕ್ಕದ ಪಟ್ಟಿಗೆ ಹೋಗುತ್ತದೆ. ಅದಕ್ಕೇ ಹಾಳೆಯ ನಾಲ್ಕೂ ಅಂಚನ್ನು ಬೆಳಕಿಗೆ ಹಿಡಿದು ನೋಡಿ, ಬೆರಳಿನಿಂದ ತಟ್ಟಿ ಸದ್ದು ಕೇಳಿ ಕೊಳ್ಳುವುದು. ಅಂಗಡಿಯವರು ಗೊಣಗುತ್ತಾರೆ, ಗೊಣಗಲಿ.

ಇಷ್ಟಾಗಿಯೂ ಇಡೀ ಕುರ್ಚಿಗೆ ಸೀಳು ಹಾಕುವುದಿಲ್ಲ. ಕೂರುವ ಜಾಗ ಇಡಿಯಾಗಿಯೇ ಇರಬೇಕು, ಭಾರ ಹೊರುವುದು ಅದರ ಕೆಲಸ. ಸೊಂಟದ ಹತ್ತಿರ, ಕೂರುವ ಹಲಗೆ ಬೆನ್ನಾಗಿ ಏಳುವ ತಿರುವಿನಲ್ಲಿ ಮಾತ್ರ ಸೀಳು. ಎರಡೂ ಪಕ್ಕದಲ್ಲಿ 18 ಮಿಲಿಮೀಟರ್ ಪ್ಲೈವುಡ್ಡಿನ ಚೌಕಟ್ಟು ನಿಂತು, ಬೆನ್ನು ಎಷ್ಟರವರೆಗೆ ಹಿಂದಕ್ಕೆ ಹೋಗಬಹುದು ಎಂದು ಗೆರೆ ಹಾಕುತ್ತದೆ. ಎಲ್ಲವನ್ನೂ ಮೆತ್ತಗೆ ಮಾಡಿದರೆ ಅದು ಜೋಲಿಯಾಗುತ್ತದೆ. ಜೋಲಿ ಕೆಟ್ಟದ್ದೇನಲ್ಲ, ಆದರೆ ಅದರಲ್ಲಿ ಕೂತು ಅವರೆಕಾಯಿ ಬಿಡಿಸಲಾಗುವುದಿಲ್ಲ.

ಅವರೆಕಾಯಿ ಬಿಡಿಸುವವಳು ಅಮ್ಮ. ಅವಳು ಕುರ್ಚಿಗೆ ಒರಗಿ ಕೂತದ್ದು ನಾನು ನೋಡಿಲ್ಲ. ಯಾವ ಕುರ್ಚಿಯಾದರೂ ಮುಂದಿನ ಅಂಚಿನಲ್ಲೇ ಕೂರುತ್ತಾಳೆ, ಹಿಂದೆ ಅರ್ಧ ಕುರ್ಚಿ ಖಾಲಿ. ಕುಕ್ಕರ್ ಕೂಗಿದರೆ, ಯಾರಾದರೂ ಬಾಗಿಲು ತಟ್ಟಿದರೆ, ಒಳಗಿನಿಂದ ಕರೆದರೆ ತಕ್ಷಣ ಏಳಬೇಕಲ್ಲ. ಕರೆಯುತ್ತಿದ್ದವರೆಲ್ಲ ಹೋಗಿ ಎಷ್ಟೋ ಕಾಲವಾದರೂ ಕೂರುವ ರೀತಿ ಹಾಗೇ ಉಳಿದಿದೆ. ನನಗಾಗಿ ಮಾಡಿದ ಕುರ್ಚಿಯ ಮೇಲೆ ಒತ್ತಾಯ ಮಾಡಿ ಕೂರಿಸಿ ಒರಗಿಸಿದರೆ ಬೆನ್ನು ಅಲುಗಲೇ ಇಲ್ಲ. ಅಲುಗುವುದಾದರೂ ಹೇಗೆ? ಅದು ಎಂಬತ್ತು ಕೆಜಿಯವನ ಲೆಕ್ಕದ್ದು, ಅಮ್ಮ ಐವತ್ತೂ ಇಲ್ಲ. ಅವಳ ಪಾಲಿಗೆ ಅದು ಗೋಡೆ.

ಮೆತ್ತಗೆ ಮಾಡುವುದು ಕಷ್ಟವಲ್ಲ. ಪಟ್ಟಿ ಉದ್ದವಾದಷ್ಟೂ ಸಲೀಸಾಗಿ ತಿರುಚಿಕೊಳ್ಳುತ್ತದೆ. ಯಂತ್ರಕ್ಕೆ ಕೊಡುವ ಕಡತದಲ್ಲಿ ಸೀಳಿನ ಉದ್ದವನ್ನು 100ರ ಬದಲು 125 ಎಂದು ತಿದ್ದಿದರೆ, ಉಳಿದದ್ದನ್ನು ಯಂತ್ರ ನೋಡಿಕೊಳ್ಳುತ್ತದೆ. ಕಾರ್ಖಾನೆಯ ಕುರ್ಚಿ ಯಾರಿಗೂ ಆಗಬೇಕು, ಅದಕ್ಕೇ ಸರಾಸರಿ ಮನುಷ್ಯನೊಬ್ಬನಿಗೆ ಅಳತೆ ಹಾಕಿ ಮಾಡುತ್ತಾರೆ. ಮನೆಯಲ್ಲಿ ಯಂತ್ರವಿರುವುದರ ಸುಖ ನನ್ನ ಮಟ್ಟಿಗೆ ಇಷ್ಟೇ: ಒಬ್ಬರ ತೂಕಕ್ಕೆ ಒಂದು ಅಂಕಿಯನ್ನು ತಿದ್ದಬಹುದು. ಉಳಿತಾಯ, ವೇಗ ಎಂದೆಲ್ಲ ಹೇಳುವವರ ಮಾತಿಗೆ ಪ್ಲೈವುಡ್ ಬಿಲ್ ತೋರಿಸಬೇಕು.

“ನನ್ನೊಬ್ಬಳಿಗೋಸ್ಕರ ಇನ್ನೊಂದು ಹಾಳೆ ದಂಡ ಮಾಡ್ತೀಯೇನೋ?” ಎಂದಳು ಅಮ್ಮ. “ಬೇರೆಯವರು ಕೂತರೆ ಮುರಿಯಲ್ವಾ?”

“ಸ್ವಲ್ಪ ಜಾಸ್ತಿ ಹಿಂದಕ್ಕೆ ಹೋಗುತ್ತಮ್ಮ. ಚೌಕಟ್ಟು ತಡೆಯುತ್ತೆ.”

ಅವಳು ಒಂದು ಗಳಿಗೆ ಯೋಚಿಸಿದಳು. “ಸರಿ, ಮಾಡು. ಆದರೆ ಇದರಷ್ಟು ತಗ್ಗು ಬೇಡ. ಏಳೋಕೆ ಕಷ್ಟ.”

ಕಾಲಿನ ಎತ್ತರಕ್ಕೆ 40 ಮಿಲಿಮೀಟರ್ ಸೇರಿಸಿದ್ದೇನೆ. ಎಂಟು ಗಂಟೆಗೆ ಯಂತ್ರ ಹಾಕಬೇಕು.