ತಲೆಯ ಕಡೆ ಒಬ್ಬರು, ಕಾಲಿನ ಕಡೆ ಒಬ್ಬರು

🪷 *ದಿನದ ಧಮ್ಮ ಚಿಂತನೆ*

 

ಇಂದಿನ ಚಿಂತನೆ ರೋಗಿಗಳ ಆರೈಕೆಯಲ್ಲಿ ದುಡಿದು ದಣಿಯುವವರ ಕುರಿತು. ನರ್ಸ್, ಆಶಾ ಕಾರ್ಯಕರ್ತೆ, ವಾರ್ಡ್ ಆಯಾ, ಆಸ್ಪತ್ರೆಯ ಸ್ವಚ್ಛತಾ ಕೆಲಸದವರು. ನಮ್ಮ ಮನೆಗಳಲ್ಲೇ ಇಂಥವರು ಎಷ್ಟೋ ಮಂದಿ ಇದ್ದಾರೆ.

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಭೇದಿಯಿಂದ ನರಳುತ್ತಿದ್ದ ಭಿಕ್ಖುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಆನಂದರ ಜೊತೆ ಅಲ್ಲಿಗೆ ಬಂದ ಭಗವಾನರು, ನೋಡಿಕೊಳ್ಳಲು ಯಾರೂ ಇಲ್ಲವೇ ಎಂದು ಕೇಳಿದರು. ನನ್ನಿಂದ ಯಾರಿಗೂ ಉಪಯೋಗವಿಲ್ಲ, ಅದಕ್ಕೇ ಯಾರೂ ಬರುವುದಿಲ್ಲ ಎಂದ ಆತ. ಭಗವಾನರು ನೀರು ತರಿಸಿ ತಾವೇ ಹಾಕಿದರು, ಆನಂದರು ತೊಳೆದರು. ನಂತರ ಒಬ್ಬರು ತಲೆಯ ಕಡೆ, ಒಬ್ಬರು ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು.

ಮಲ ತೊಳೆಯುವುದನ್ನು ಒಂದು ಜಾತಿಯ ಹಣೆಗೆ ಬರೆದ ನಾಡಿನಲ್ಲಿ, ಶಾಕ್ಯ ಕುಲದ ಇಬ್ಬರು ಆ ಕೆಲಸ ಮಾಡಿದರು. ಇನ್ನೂ ಎರಡು ವಿಷಯ ಗಮನಿಸಿ. ಆ ಭಾರವನ್ನು ಭಗವಾನರೂ ಒಬ್ಬರೇ ಎತ್ತಲಿಲ್ಲ. ಎತ್ತಿ ಮಲಗಿಸಿದ ಮೇಲೆ ಸುಮ್ಮನೆ ಹೋಗಲೂ ಇಲ್ಲ. ಸಂಘವನ್ನು ಸೇರಿಸಿ ನಿಯಮ ಮಾಡಿದರು: ರೋಗಿಯ ಆರೈಕೆ ಗುರು, ಶಿಷ್ಯ, ಜೊತೆಗಾರರ ಹೊಣೆ, ಅವರಾರೂ ಇಲ್ಲದಿದ್ದರೆ ಸಂಘದ ಹೊಣೆ. ಕರುಣೆ ಯಾರೋ ಒಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಗಿ ಉಳಿಯಲಿಲ್ಲ.

ನಾವು ಏನು ಮಾಡುತ್ತಿದ್ದೇವೆ? ರಾತ್ರಿ ಪಾಳಿಯಿಂದ ಬಂದ ಅಕ್ಕ ಸುಸ್ತು ಎಂದರೆ, “ಸೇವೆ ಅಂದುಕೊಂಡು ಮಾಡು” ಎನ್ನುತ್ತೇವೆ. ಆಶಾ ಯೋಜನೆ ಶುರುವಾದದ್ದು 2005ರಲ್ಲಿ. ಇಂದಿಗೂ ಅವರು ಲೆಕ್ಕದಲ್ಲಿ ಸ್ವಯಂಸೇವಕಿಯರು. ಕೈಗೆ ಬರುವುದು ಸಂಬಳವಲ್ಲ, ಗೌರವಧನ, ಪ್ರೋತ್ಸಾಹಧನ. ಅವರಿಗೆ ಧ್ಯಾನ ಹೇಳಿಕೊಡುವುದು ತಪ್ಪಲ್ಲ. ತನ್ನನ್ನು ಕಾಪಾಡಿಕೊಳ್ಳುವವನು ಇತರರನ್ನೂ ಕಾಪಾಡುತ್ತಾನೆ ಎಂಬುದು ಸೇದಕ ಸುತ್ತದ ಬೋಧೆ. ಆನಾಪಾನಸತಿ ಮನಸ್ಸನ್ನು ನಿಲ್ಲಿಸುತ್ತದೆ. ಆದರೆ ಅದರಿಂದ ವಾರ್ಡಿನ ಖಾಲಿ ಹುದ್ದೆ ತುಂಬುವುದಿಲ್ಲ.

ದುಃಖಕ್ಕೆ ಸಮಾಜದಲ್ಲೂ ಬೇರಿದೆ ಎಂದು ತೋರಿಸಿದವರು ಬಾಬಾಸಾಹೇಬರು. 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, ಕಾರ್ಖಾನೆಗಳ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆ ತಂದರು. ದಣಿದವರಿಗೆ ತಾಳ್ಮೆ ಬೋಧಿಸಲಿಲ್ಲ, ದುಡಿಮೆಯ ಗಂಟೆ ಕಡಿಮೆ ಮಾಡಲು ಹೊರಟರು.

ಇಂದಿನ ಅಭ್ಯಾಸ ಇಷ್ಟು. ಪಾಳಿ ಮುಗಿಸಿ ಬಂದವರ ಕೈಗೆ ಸೌಟು ಕೊಡಬೇಡಿ, ಊಟ ಬಡಿಸಿ. “ಹೇಗಿತ್ತು ಇವತ್ತು?” ಎಂದು ಕೇಳಿ, ಬುದ್ಧಿವಾದ ಹೇಳದೆ ಕೇಳಿಸಿಕೊಳ್ಳಿ. ನಿಮ್ಮೂರಿನ ಆಶಾ ಅಕ್ಕಂದಿರು ಧರಣಿ ಕೂತರೆ ಪಕ್ಕದಲ್ಲಿ ಹೋಗಿ ಕೂರಿ. ಆರೈಕೆಯ ಕೆಲಸದಲ್ಲಿರುವ ಬಂಧುಗಳೇ, ಆಗುತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿ. ಅದು ಸೋಲಲ್ಲ, ಇನ್ನೊಬ್ಬರನ್ನು ಕೈಜೋಡಿಸಲು ಕರೆಯುವುದು.

ಅವರು ತಲೆಯ ಕಡೆ ಹಿಡಿದಿದ್ದಾರೆ. ಕಾಲಿನ ಕಡೆ ನಾವು ಹಿಡಿಯೋಣ.

ಸಾಧು, ಸಾಧು, ಸಾಧು. 🙏